ಈ ಸಲ

(ನಮ್ಮ ಬಡಾವಣೆಯ ವಾಚನಾಲಯದಲ್ಲಿ ಆಡಿದ ಮಾತುಗಳ ಬರಹ ರೂಪ. ಹಾಡು ಹಾಕಿದ ಜಾಗಗಳನ್ನು ಹಾಗೇ ಗುರುತು ಮಾಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಭಾನುವಾರ ಸಂಜೆ, ಹೊರಗೆ ಮಳೆ ಬೇರೆ ಹಿಡಿದುಕೊಂಡಿದೆ. ಅಂಥದ್ದರಲ್ಲೂ ಇಷ್ಟು ಜನ ಬಂದು ಕೂತಿದ್ದೀರಿ, ಖುಷಿ ಆಯಿತು. ಮಾತಿಗೆ ಮುಂಚೆ ಹಾಡು ಹಾಕುತ್ತೇನೆ. ಐದು ನಿಮಿಷದ ಹಾಡು. ಪದಗಳು ಅರ್ಥ ಆಗದಿದ್ದರೆ ಚಿಂತೆ ಬೇಡ. ಸುಮ್ನೆ ದನಿ ಕೇಳಿ. ಮೊದಲು ಮೆತ್ತಗೆ ಶುರುವಾಗುತ್ತೆ, ಪಲ್ಲವಿಗೆ ಬಂದಾಗ ಆ ದನಿ ಎಲ್ಲಿಗೆ ಏರುತ್ತೆ ನೋಡಿ.

(ಹಾಡು)

ಇದು ಅಮೆರಿಕದ ಗಾಯಕ ಜೇಸನ್ ಇಸ್ಬೆಲ್ ಅವರ ‘ಕವರ್ ಮಿ ಅಪ್’. 2013ರ ಜೂನ್‌ನಲ್ಲಿ ಬಂದ ‘ಸೌತ್‌ಈಸ್ಟರ್ನ್’ ಅನ್ನುವ ಆಲ್ಬಮ್ಮಿನ ಮೊದಲನೇ ಹಾಡು. ಹೆಸರನ್ನು ಕನ್ನಡದಲ್ಲಿ ಹೇಳೋದಾದರೆ ‘ನನಗೆ ಹೊದಿಸು’. ಚಳಿಗೆ ಕಂಬಳಿ ಹೊದಿಸ್ತೀವಲ್ಲ, ಆ ಹೊದಿಸು. ಕುಡಿತ ಬಿಟ್ಟ ಒಬ್ಬ ಮನುಷ್ಯ ತನ್ನನ್ನು ಪ್ರೀತಿಸುವ ಹೆಣ್ಣಿಗೆ ಹೇಳುವ ಮಾತು ಇದು.

ಇಸ್ಬೆಲ್ ಹುಟ್ಟಿದ್ದು 1979ರಲ್ಲಿ, ಅಮೆರಿಕದ ಅಲಬಾಮಾ ರಾಜ್ಯದ ಉತ್ತರ ತುದಿಯಲ್ಲಿರುವ ಗ್ರೀನ್ ಹಿಲ್ ಅನ್ನುವ ಪುಟ್ಟ ಊರಿನಲ್ಲಿ. ಹತ್ತಿರದಲ್ಲೇ ಮಸಲ್ ಶೋಲ್ಸ್ ಇದೆ. ಊರು ಚಿಕ್ಕದು, ಹೆಸರು ದೊಡ್ಡದು. ಹೆಸರಾಂತ ಗಾಯಕಿ ಅರೀತಾ ಫ್ರಾಂಕ್ಲಿನ್ 1967ರಲ್ಲಿ ಅಲ್ಲಿನ ಫೇಮ್ ಸ್ಟುಡಿಯೋಗೆ ಬಂದು ಹಾಡಿದ್ದರು. ಅದೇ ಸ್ಟುಡಿಯೋದವರಿಗೆ ಇಸ್ಬೆಲ್ ಇಪ್ಪತ್ತರ ಆಸುಪಾಸಿನಲ್ಲೇ ಹಾಡು ಬರೆದುಕೊಡುತ್ತಿದ್ದರು. 22ನೇ ವಯಸ್ಸಿಗೆ ‘ಡ್ರೈವ್-ಬೈ ಟ್ರಕರ್ಸ್’ ಅನ್ನುವ ಬ್ಯಾಂಡಿಗೆ ಸೇರಿದರು. ಆ ಬ್ಯಾಂಡಿನವರು ವೇದಿಕೆಯ ಮೇಲೇ ವಿಸ್ಕಿ ಬಾಟಲಿಯನ್ನು ಕೈಯಿಂದ ಕೈಗೆ ದಾಟಿಸುತ್ತಾ ನುಡಿಸುತ್ತಿದ್ದರು. 2007ರಲ್ಲಿ ಇಸ್ಬೆಲ್ ಬ್ಯಾಂಡಿನಿಂದ ಹೊರಗೆ ಬಂದರು. ಕುಡಿತ ಮಾತ್ರ ಹೊರಗೆ ಹೋಗಲಿಲ್ಲ. ಇನ್ನೂ ಐದು ವರ್ಷ ಜೊತೆಗೇ ಇತ್ತು.

2012ರ ಫೆಬ್ರವರಿಯಲ್ಲಿ ಅವರು ರಿಹ್ಯಾಬ್‌ಗೆ ಸೇರಿದರು. ಅಂದರೆ ಕುಡಿತ ಬಿಡಿಸುವ ಕೇಂದ್ರಕ್ಕೆ. ತಾವಾಗೇ ಎದ್ದು ಹೋಗಿದ್ದಲ್ಲ. ಅಮಾಂಡಾ ಶೈರ್ಸ್ ಅಂತ ಟೆಕ್ಸಸ್ ಕಡೆಯ ಗಾಯಕಿ, ಪಿಟೀಲು ನುಡಿಸುವವರು, ಆಗ ಇವರ ಗೆಳತಿ. ಅವರು ಮುಂದೆ ನಿಂತರು. ಸ್ನೇಹಿತರು, ಮ್ಯಾನೇಜರ್ ಎಲ್ಲ ಕೂಡಿ ಕಳಿಸಿದರು. (ಅಂದಹಾಗೆ, ಅಮೆರಿಕದ ಹಳ್ಳಿ ಸಂಗೀತದಲ್ಲಿ ಇದನ್ನು ಫಿಡಲ್ ಅಂತಾರೆ. ನಮ್ಮ ‘ಪಿಟೀಲು’ ಆಗಿದ್ದೂ ಆ ಪದವೇ.) ಒಂದು ವರ್ಷದ ನಂತರ, 2013ರ ಫೆಬ್ರವರಿಯಲ್ಲಿ ಇಬ್ಬರೂ ಮದುವೆಯಾದರು. ಇನ್ನು ನಾಲ್ಕು ತಿಂಗಳಿಗೆ ಆಲ್ಬಮ್ ಬಂತು. ‘ಸೌತ್‌ಈಸ್ಟರ್ನ್’ ಅನ್ನೋದು ಇಸ್ಬೆಲ್ ಅವರ ಅಪ್ಪ ದುಡಿಯುತ್ತಿದ್ದ ಟೂಲ್ ಅಂಡ್ ಡೈ (ಅಚ್ಚು, ಉಪಕರಣ ಮಾಡುವ) ಕಾರ್ಖಾನೆಯ ಹೆಸರು.

ಈಗ ಒಂದು ವಿಷಯ ನೆನಪಿಡಬೇಕು. ಅಮೆರಿಕದ ಆ ಹಳ್ಳಿ ಸಂಗೀತಕ್ಕೆ ಕಂಟ್ರಿ ಅಂತ ಹೆಸರು, ಅದರಲ್ಲಿ ಕುಡಿತದ ಹಾಡಿಗೇನೂ ಬರ ಇಲ್ಲ. ಬಾರಿನಲ್ಲಿ, ಅಲ್ಲಿ ಕಾಸು ಹಾಕಿದರೆ ಹಾಡುವ ಜ್ಯೂಕ್‌ಬಾಕ್ಸಿನಲ್ಲಿ ಬೆಳೆದ ಸಂಗೀತ ಅದು. ಅದರ ದೊಡ್ಡ ಹೆಸರುಗಳ ಕಥೆಯೂ ಹಾಗೇ. ಹ್ಯಾಂಕ್ ವಿಲಿಯಮ್ಸ್ 1953ರ ಜನವರಿ 1ರಂದು, ಓಹಾಯೋದ ಕ್ಯಾಂಟನ್‌ಗೆ ಕಾರ್ಯಕ್ರಮಕ್ಕೆ ಹೋಗುವಾಗ, ಕಾರಿನ ಹಿಂದಿನ ಸೀಟಿನಲ್ಲೇ ತೀರಿಕೊಂಡರು. ಆಗ ಅವರಿಗೆ 29 ವರ್ಷ. ಜಾರ್ಜ್ ಜೋನ್ಸ್ ಕಥೆ ಇನ್ನೊಂದು. ಕಾರಿನ ಕೀಲಿ ಕೈಗೆ ಸಿಗದ ಹಾಗೆ ಮನೆಯವರು ಬಚ್ಚಿಟ್ಟರೆ, ಹುಲ್ಲು ಕತ್ತರಿಸುವ ಮೆಷಿನ್ ಹತ್ತಿ ಹೆಂಡದಂಗಡಿಗೆ ಹೋದವರು ಅವರು. ಜನ ಇದನ್ನು ಈಗಲೂ ನಗುತ್ತಾ ಹೇಳ್ತಾರೆ. ನನಗೆ ನಗು ಬರಲ್ಲ. ಆ ಕೀಲಿ ಬಚ್ಚಿಟ್ಟವರ ಮುಖ ಕಣ್ಣ ಮುಂದೆ ಬರುತ್ತೆ. ಜೋನ್ಸ್ ಕುಡಿತವನ್ನು ಪೂರ್ತಿ ಬಿಟ್ಟಿದ್ದು 1999ರಲ್ಲಿ, ಪ್ರಾಣ ಹೋಗುವಂಥ ಕಾರು ಅಪಘಾತ ಆದ ಮೇಲೆ. ಆಗ ಅವರಿಗೆ 67 ವರ್ಷ.

ಕುಡಿದದ್ದರ ಹಾಡು ಜಾಸ್ತಿ, ಬಿಟ್ಟದ್ದರ ಹಾಡು ಕಮ್ಮಿ. ಬಿಟ್ಟದ್ದರ ಹಾಡು ಬರೆಯೋದು ಕಷ್ಟ. ಸ್ವಲ್ಪ ಎಚ್ಚರ ತಪ್ಪಿದರೂ ಉಪದೇಶ ಆಗಿಬಿಡುತ್ತೆ. ಈ ಹಾಡು ಅದರಿಂದ ಹೇಗೆ ತಪ್ಪಿಸಿಕೊಂಡಿತು ಅಂತ ನಾನು ಬಹಳ ದಿನ ಯೋಚಿಸಿದ್ದೇನೆ. ಉತ್ತರ ಎರಡು ಪದಗಳಲ್ಲಿ ಸಿಕ್ಕಿತು.

ಎರಡನೇ ಚರಣದಲ್ಲಿ ಆ ಸಾಲು ಬರುತ್ತೆ. ಅಮಲು ಇಳಿಯಿತು, ‘ಆ ಸಾಮಾನು’ ಮುಟ್ಟಲ್ಲ ಅಂತ ಆಣೆ ಹಾಕಿದೆ, ಎಂದೆಂದಿಗೂ, ಈ ಸಲ. ಅಷ್ಟೇ ಅರ್ಥ. ಮೊದಲು ‘ಆ ಸಾಮಾನು’ ಅನ್ನೋದನ್ನು ನೋಡಿ. ವಿಸ್ಕಿ ಅನ್ನಲ್ಲ, ಬಿಯರ್ ಅನ್ನಲ್ಲ. ಹೆಸರೇ ಎತ್ತಲ್ಲ. ಕುಡಿತ ನೋಡಿದ ಮನೆಯವರಿಗೆ ಇದು ತಟ್ಟಂತ ಗೊತ್ತಾಗುತ್ತೆ. ನಮ್ಮ ಹೆಂಗಸರೂ ಹಾಗೇ ತಾನೇ ಹೇಳೋದು? ‘ನಮ್ಮನೆಯವರು ಈಗ ಅದನ್ನ ಮುಟ್ಟಲ್ಲ.’ ಅದು ಅಂದರೆ ಅದು. ಹೆಸರು ಹೇಳಿದರೆ ಎಲ್ಲಿ ಬಾಗಿಲಿಗೆ ಬಂದು ನಿಂತುಬಿಡುತ್ತೋ ಅನ್ನುವ ಭಯ.

ಆಮೇಲೆ ಆ ಎರಡು ಪದ. ‘ಎಂದೆಂದಿಗೂ’ ಅಂದ ಮೇಲೆ ಮಾತು ಮುಗೀತಲ್ವಾ? ಮತ್ತೆ ‘ಈ ಸಲ’ ಯಾಕೆ ಬೇಕಿತ್ತು? ಯಾಕೆ ಅಂದರೆ, ಹಿಂದೆಯೂ ಎಂದೆಂದಿಗೂ ಅಂದಿದ್ದರು. ಅದರ ಹಿಂದೆಯೂ ಅಂದಿದ್ದರು. ಎಷ್ಟು ಸಲ ಆಣೆ ಮುರಿಯಿತೋ ಆ ಲೆಕ್ಕ ಎಲ್ಲ ಆ ಎರಡು ಪದಗಳ ಒಳಗಿದೆ. ಬರೀ ‘ಬಿಟ್ಟೆ’ ಅಂದಿದ್ದರೆ ನಾನು ನಂಬುತ್ತಿರಲಿಲ್ಲ. ‘ಈ ಸಲ’ ಅಂದಿದ್ದಕ್ಕೇ ನಂಬಿದೆ. ಕನ್ನಡದವರಿಗೆ ಈ ಮಾತನ್ನು ಬಿಡಿಸಿ ಹೇಳೋದೇ ಬೇಡ. ಪ್ರತಿ ವರ್ಷ ಐಪಿಎಲ್ ಶುರುವಾದಾಗ ‘ಈ ಸಲ ಕಪ್ ನಮ್ದೇ’ ಅಂತ ಹದಿನೇಳು ವರ್ಷ ಸೋತು, ಹದಿನೆಂಟನೇ ವರ್ಷವೂ ಅಂದ ಜನ ನಾವು. ಸೋತ ನೆನಪು, ಬಿಡದ ಆಸೆ ಎರಡೂ ‘ಈ ಸಲ’ದಲ್ಲಿ ಒಟ್ಟಿಗೇ ಇರುತ್ತವೆ.

ನನಗೆ ಈ ಹಾಡು ಇಷ್ಟು ಹತ್ತಿರ ಆಗೋಕೆ ಕಾರಣ ನಮ್ಮ ಚಿಕ್ಕಪ್ಪ. ಹೆಸರು ಹೇಳಲ್ಲ. ಹಾಸನದ ಕಡೆ ಹಳ್ಳಿ, ಟ್ರ್ಯಾಕ್ಟರ್ ರಿಪೇರಿ ಕೆಲಸ. ಕೈಯಲ್ಲಿ ಒಳ್ಳೆ ಕಸುಬಿತ್ತು. ಮೊದಲನೇ ಸಲ ಧರ್ಮಸ್ಥಳಕ್ಕೆ ಹೋಗಿ, ಮಂಜುನಾಥಸ್ವಾಮಿಯ ಮುಂದೆ ಆಣೆ ಮಾಡಿ ಬಿಟ್ಟರು. ಊರ ಜಾತ್ರೆ ತನಕ ನಡೆಯಿತು. ಎರಡನೇ ಸಲ 2007ರಲ್ಲಿ. ಆ ವರ್ಷ ಜುಲೈ 1ರಿಂದ ನಮ್ಮ ರಾಜ್ಯದಲ್ಲಿ ಸಾರಾಯಿ ನಿಂತಿತು, ನೆನಪಿದೆಯಲ್ಲ? ಪ್ಯಾಕೆಟ್ ಸಿಗಲ್ಲ, ಇನ್ನು ಬಿಟ್ಟ ಹಾಗೇ ಅಂತ ನಮ್ಮ ಚಿಕ್ಕಮ್ಮ ಮನೆದೇವರಿಗೆ ಹಣ್ಣುಕಾಯಿ ಮಾಡಿಸಿದರು. ಎರಡು ತಿಂಗಳು ಕಳೆದಿರಲಿಲ್ಲ, ಬ್ರಾಂಡಿ ಕ್ವಾರ್ಟರಿಗೆ ಬಂದರು. ಖರ್ಚು ಜಾಸ್ತಿ ಆಯಿತು ಅಷ್ಟೇ.

ಮೂರನೇ ಸಲ ಹಟಕ್ಕೆ ಬಿದ್ದು ಒಂದೇ ದಿನಕ್ಕೆ ನಿಲ್ಲಿಸಿದರು. ಎರಡನೇ ರಾತ್ರಿ ಕೈ ನಡುಕ, ಬೆವರು, ಇಲ್ಲದ್ದೆಲ್ಲ ಕಾಣೋದು, ಆಮೇಲೆ ಫಿಟ್ಸ್. ಗಾಡಿ ಮಾಡಿಕೊಂಡು ಆಸ್ಪತ್ರೆಗೆ ಓಡಿದೆವು. ಇದನ್ನು ಎಲ್ಲ ಕಡೆ ಹೇಳ್ತೀನಿ, ಇಲ್ಲೂ ಹೇಳ್ತೀನಿ: ವರ್ಷಗಟ್ಟಲೆ ದಿನಾ ಜಾಸ್ತಿ ಕುಡಿದವರು ಡಾಕ್ಟರನ್ನು ಕೇಳದೆ ಥಟ್ ಅಂತ ನಿಲ್ಲಿಸಬಾರದು. ಆ ಮೊದಲ ಕೆಲವು ದಿನ ಪ್ರಾಣಕ್ಕೇ ಅಪಾಯ ಆಗಬಹುದು. ಔಷಧಿ ಕೊಟ್ಟು ಮೆಲ್ಲಗೆ ದಾಟಿಸುವ ದಾರಿ ಇದೆ. ಅದು ಆಗ ನಮಗೆ ಗೊತ್ತಿರಲಿಲ್ಲ.

ನಾಲ್ಕನೇ ಸಲದ್ದು ಹೇಳೋಕೆ ಏನಿಲ್ಲ, ಒಂದು ತಿಂಗಳು. ಐದನೇ ಸಲ ಮದ್ಯವರ್ಜನ ಶಿಬಿರಕ್ಕೆ ಹೋಗಿ ಬಂದರು, ಡಾಕ್ಟರ ಹತ್ತಿರಕ್ಕೂ ಹೋದರು. ಆ ಸಲ ಚಿಕ್ಕಪ್ಪ ಯಾರಿಗೂ ಏನೂ ಹೇಳಲಿಲ್ಲ. ಆಣೆ ಇಲ್ಲ, ಹರಕೆ ಇಲ್ಲ. ನಾನು ಊರಿಗೆ ಹೋಗಿದ್ದಾಗ ಡಿಸೆಂಬರ್ ಚಳಿ. ಬೆಳಗಿನ ಜಾವ ಎದ್ದು ನೋಡಿದರೆ ನಡುಮನೆಯಲ್ಲಿ ಚಿಕ್ಕಪ್ಪ ಮುದುರಿಕೊಂಡು ಮಲಗಿದ್ದಾರೆ. ಚಿಕ್ಕಮ್ಮ ತಮ್ಮ ಮೈಮೇಲಿದ್ದ ಕಂಬಳಿ ತೆಗೆದು ಅವರ ಕಂಬಳಿಯ ಮೇಲೆ ಹೊದಿಸಿ, ಕಾಲಿನ ಹತ್ತಿರ ಅಂಚನ್ನು ಒಳಗೆ ಸೇರಿಸುತ್ತಿದ್ದರು. ನನ್ನ ನೋಡಿ ‘ಇನ್ನೂ ಹೊತ್ತಿದೆ, ಮಲಕ್ಕೋ ಮಗಾ’ ಅಂದರು. ಹನ್ನೊಂದು ವರ್ಷ ಆಯಿತು. ಈ ಹಾಡು ಕೇಳಿದಾಗೆಲ್ಲ ನನಗೆ ಕಾಣೋದು ಕಂಟ್ರಿ ಸಂಗೀತದ ಊರಾದ ನಾಶ್ವಿಲ್ ಅಲ್ಲ, ಆ ಕಂಬಳಿಯ ಅಂಚು.

ಹಾಡಿನ ಪಲ್ಲವಿಯೂ ಚಳಿಯಲ್ಲೇ ನಡೆಯೋದು. ಮನೆ ಥಣ್ಣಗಿದೆ. ಸೌದೆ ಸೀಳೋಕೆ ನಾನು ಹೊರಗೆ ಹೋಗಲ್ಲ ಅಂತಾನೆ ಅವನು. ನಿನ್ನ ಬೂಟು ಮಂಚದ ಪಕ್ಕ ಬಿಡು, ಮ್ಯಾಗ್ನೋಲಿಯಾ ಅರಳೋ ತನಕ ಈ ಕೋಣೆಯಿಂದ ಆಚೆ ಹೋಗೋದೇ ಬೇಡ ಅಂತಾನೆ. ಮ್ಯಾಗ್ನೋಲಿಯಾ ಅಂದರೆ ನಮ್ಮ ಸಂಪಿಗೆಯ ಬಳಗದ ಮರ. ಅಂಗೈ ಮೀರುವಷ್ಟು ದೊಡ್ಡ ಬಿಳಿ ಹೂವು. ಅಮೆರಿಕದ ದಕ್ಷಿಣದಲ್ಲಿ ಅದು ಅರಳೋದು ಮೇ, ಜೂನ್ ಹೊತ್ತಿಗೆ. ಇಸ್ಬೆಲ್ ರಿಹ್ಯಾಬ್‌ಗೆ ಹೋದದ್ದು ಫೆಬ್ರವರಿಯಲ್ಲಿ ಅಂದೆನಲ್ಲ. ಫೆಬ್ರವರಿಯ ಚಳಿಯಲ್ಲಿ ಕೂತು ಮೇ ತಿಂಗಳ ಹೂವಿನ ಮಾತು ಆಡಿದ ಹಾಗೆ ನನಗೆ ಕೇಳಿಸುತ್ತೆ. ಅಷ್ಟು ದಿನ ದಾಟಿಸಬೇಕು. ಹೊರಗೆ ಹೋದರೆ ಏನಾಗುತ್ತೋ ಗೊತ್ತಿಲ್ಲ. ಒಳಗೆ ಒಬ್ಬಳಿದ್ದಾಳೆ.

ಪಲ್ಲವಿಯ ಕೊನೆಯಲ್ಲಿ ಕನ್ನಡಕ್ಕೆ ಬಾರದ ಒಂದು ಮಾತಿದೆ. ನನ್ನನ್ನು ‘ಫಾರ್ ಗುಡ್’ ಬಳಸಿಕೊಳ್ಳೋಕೆ ನೀನೊಬ್ಬಳು ಸಾಕು ಅಂತಾನೆ. ‘ಫಾರ್ ಗುಡ್’ ಅಂದರೆ ಒಳ್ಳೆಯದಕ್ಕೆ ಅಂತಲೂ ಆಗುತ್ತೆ, ಎಂದೆಂದಿಗೂ ಅಂತಲೂ ಆಗುತ್ತೆ. ನಾನು ತುಂಬಾ ಒದ್ದಾಡಿದೆ, ಎರಡನ್ನೂ ಹೇಳುವ ಒಂದು ಕನ್ನಡ ಪದ ಸಿಗಲಿಲ್ಲ. ನನಗೆ ಮನಸ್ಸಿಗೆ ತಾಕೋದು ‘ಬಳಸಿಕೋ’ ಅನ್ನೋದು. ಕುಡಿಯೋವಾಗ ಮನುಷ್ಯ ಯಾರ ಉಪಯೋಗಕ್ಕೂ ಬರಲ್ಲ. ಮಗಳ ಸ್ಕೂಲ್ ಫೀಸಿಗಿಲ್ಲ, ಸೂರಿನ ಸೋರಿಕೆಗಿಲ್ಲ. ಬಿಟ್ಟ ಮೇಲೆ ಅವನು ಕೇಳೋದು ಕ್ಷಮೆ ಅಲ್ಲ, ಹೊಗಳಿಕೆಯೂ ಅಲ್ಲ. ನನಗೊಂದು ಕೆಲಸ ಕೊಡು ಅಂತ. ನಮ್ಮ ಚಿಕ್ಕಪ್ಪ ಆ ಚಳಿಗಾಲ ಪೂರ್ತಿ ಮನೆಯ ಪ್ರತಿಯೊಂದು ಬಾಗಿಲಿನ ಚಿಲಕ ರಿಪೇರಿ ಮಾಡಿದರು. ಸರಿ ಇದ್ದ ಚಿಲಕಗಳನ್ನೂ.

ಅದೇ ಆಲ್ಬಮ್ಮಿನಲ್ಲಿ ‘ಲೈವ್ ಓಕ್’ ಅಂತ ಇನ್ನೊಂದು ಹಾಡಿದೆ. ಹಳೇ ಕಾಲದ ಒಬ್ಬ ದರೋಡೆಕೋರನ ಕಥೆ. ಮೊದಲ ಸಾಲಿನಲ್ಲೇ ಅವನು ಹೇಳ್ತಾನೆ: ನನ್ನ ಪಕ್ಕದಲ್ಲಿ ಒಬ್ಬ ನಡೀತಾ ಇರ್ತಾನೆ, ಅವನು ಹಿಂದೆ ನಾನಾಗಿದ್ದವನು, ಅವಳಿಗೆ ಅವನು ಕಾಣ್ತಾನಾ, ಅವನೇ ನಾನು ಅಂದುಕೊಂಡುಬಿಡ್ತಾಳಾ ಅಂತ. ಬದಲಾದವರಿಗೆ ಇರುವ ದೊಡ್ಡ ಅಂಜಿಕೆ ಇದು. ಇನ್ನೂ ಒಂದು ಅಂಜಿಕೆ ಇದರ ಹಿಂದೆಯೇ ಬರುತ್ತೆ, ಅದನ್ನು ಯಾರೂ ಬಾಯಿಬಿಟ್ಟು ಹೇಳಲ್ಲ. ಅವಳು ಪ್ರೀತಿಸಿದ್ದು ಆ ಹಳಬನನ್ನೇ ಆಗಿದ್ದರೆ? ಕುಡಿದಾಗ ಹಾಡ್ತಿದ್ದ, ನಗಿಸ್ತಿದ್ದ, ಗಲಾಟೆ ಮಾಡ್ತಿದ್ದ ಅವನನ್ನು? ಬಿಟ್ಟವರು ಎಷ್ಟೋ ಜನ ಮದುವೆ ಮನೆಗೆ, ಹಬ್ಬಕ್ಕೆ ಹೋಗೋದಕ್ಕೇ ಹಿಂಜರೀತಾರೆ. ಬರೀ ಆಸೆ ಆಗುತ್ತೆ ಅಂತಲ್ಲ. ಅದಿಲ್ಲದೆ ನಾನು ಯಾರು ಅನ್ನೋದೇ ಗೊತ್ತಿರಲ್ಲ ಅಂತ.

ಈಗ ಇನ್ನೊಂದು ರೆಕಾರ್ಡಿಂಗ್ ಹಾಕುತ್ತೇನೆ. ಅದೇ ಹಾಡು, ನಾಶ್ವಿಲ್‌ನ ರೈಮನ್ ಆಡಿಟೋರಿಯಂನಲ್ಲಿ ಜನರ ಮುಂದೆ ಹಾಡಿದ್ದು, 2018ರಲ್ಲಿ ಆಲ್ಬಮ್ ಆಗಿ ಬಂತು. ಹಾಕೋ ಮುಂಚೆ ಆ ಕಟ್ಟಡದ ಬಗ್ಗೆ ಎರಡು ಮಾತು. ಥಾಮಸ್ ರೈಮನ್ ಅಂತ ನಾಶ್ವಿಲ್‌ನ ವ್ಯಾಪಾರಿ. ನದಿಯಲ್ಲಿ ಸ್ಟೀಮ್ ಬೋಟುಗಳು, ದಡದಲ್ಲಿ ಹೆಂಡದಂಗಡಿಗಳು. 1885ರಲ್ಲಿ ಸ್ಯಾಮ್ ಜೋನ್ಸ್ ಅನ್ನುವ ಧರ್ಮಬೋಧಕರ ಸಭೆಗೆ, ಅವರನ್ನು ಕೆಣಕಬೇಕು ಅಂತಲೇ ಹೋಗಿದ್ದರಂತೆ. ಕೇಳ್ತಾ ಕೇಳ್ತಾ ಮನಸ್ಸು ಬದಲಾಯಿತು. ಆ ಬೋಧಕರಿಗೋಸ್ಕರ ಈ ದೊಡ್ಡ ಪ್ರಾರ್ಥನಾ ಮಂದಿರ ಕಟ್ಟಿಸೋಕೆ ಓಡಾಡಿದರು. 1892ರಲ್ಲಿ ಅದು ತೆರೆಯಿತು. ಆಮೇಲೆ 1943ರಿಂದ 1974ರವರೆಗೆ ‘ಗ್ರ್ಯಾಂಡ್ ಓಲ್ ಓಪ್ರಿ’ ಅನ್ನುವ ಕಂಟ್ರಿ ಸಂಗೀತದ ರೇಡಿಯೋ ಕಾರ್ಯಕ್ರಮ ನಡೆದದ್ದು ಅಲ್ಲೇ. ಈಗಲೂ ಅಲ್ಲಿ ಜನ ಕೂರೋದು ಚರ್ಚಿನ ಮರದ ಬೆಂಚುಗಳ ಮೇಲೆ. ಇಂಥ ಜಾಗದಲ್ಲಿ ಆ ಸಾಲು ಬಂದಾಗ ಜನ ಏನು ಮಾಡ್ತಾರೆ, ಕಿವಿಗೊಟ್ಟು ಕೇಳಿ.

(ಹಾಡು)

ಕೇಳಿಸಿತಲ್ವಾ? ಹಾಡಿನ ನಡುವೆ ಆ ಕೂಗು. ಪಲ್ಲವಿಗಲ್ಲ, ಗಿಟಾರಿಗಲ್ಲ. ‘ಆಣೆ ಹಾಕಿದೆ, ಎಂದೆಂದಿಗೂ, ಈ ಸಲ’ ಅನ್ನುವ ಸಾಲಿಗೆ. ಅವರ ಕಾರ್ಯಕ್ರಮಗಳಲ್ಲಿ ಇದು ನಡೆದುಕೊಂಡು ಬಂದಿದೆ. ಆ ಕೂಗಿನಲ್ಲಿ ಹಾಡುಗಾರನ ಬಗ್ಗೆ ಅಭಿಮಾನ ಇದೆ ಸರಿ. ಆದರೆ ನನಗೆ ಅದರಲ್ಲಿ ಬೇರೆಯವರೂ ಕೇಳಿಸ್ತಾರೆ. ಬಿಟ್ಟವರು, ಬಿಡೋಕೆ ಆಗದವರು, ಬಿಡ್ತಾರೆ ಅಂತ ಕಾದು ಕೂತವರು. ತಮ್ಮ ಗುಟ್ಟನ್ನು ಜೋರಾಗಿ ಕೂಗುವ ಅವಕಾಶ ಅವರಿಗೆ ಇನ್ನೆಲ್ಲಿ ಸಿಗುತ್ತೆ?

ಮುಂದೆ ಮಾರ್ಗನ್ ವಾಲೆನ್ ಅನ್ನುವ ಗಾಯಕ ಈ ಹಾಡನ್ನು ಹಾಡಿ ಇನ್ನೂ ಜಾಸ್ತಿ ಜನಕ್ಕೆ ಮುಟ್ಟಿಸಿದರು. 2021ರಲ್ಲಿ ಆತ ಕಪ್ಪು ಜನರನ್ನು ಹೀಗಳೆಯುವ ಪದ ಆಡಿದ ವಿಡಿಯೋ ಹೊರಗೆ ಬಂದಾಗ, ಈ ಹಾಡಿದ್ದ ವಾಲೆನ್ ಆಲ್ಬಮ್ಮಿನಿಂದ ತನಗೆ ಬಂದ ಹಣವನ್ನು ಇಸ್ಬೆಲ್ ಕಪ್ಪು ಜನರ ಹಕ್ಕಿಗಾಗಿ ದುಡಿಯುವ ಎನ್‌ಎಎಸಿಪಿಯ ನಾಶ್ವಿಲ್ ಶಾಖೆಗೆ ಕೊಟ್ಟರು. ಒಳ್ಳೆಯದಕ್ಕೆ ಬಳಸಿಕೋ ಅಂದ ಹಾಡಿನ ದುಡ್ಡು ಅಲ್ಲಿಗೆ ಹೋಯಿತು ಅನ್ನೋದು ನನಗೆ ಸಮಾಧಾನ.

ಕುಡಿತ ಬಿಟ್ಟು ಎಂಟು ವರ್ಷ ಆದ ಮೇಲೆ, 2020ರಲ್ಲಿ, ಅವರ ‘ರಿಯೂನಿಯನ್ಸ್’ ಆಲ್ಬಮ್ ಬಂತು. ಅದರಲ್ಲಿ ‘ಇಟ್ ಗೆಟ್ಸ್ ಈಸಿಯರ್’ ಅಂತ ಒಂದು ಹಾಡು. ಅದರಲ್ಲಿ ಅವನಿಗೆ ಕುಡಿದ ಹಾಗೆ ಕನಸು ಬೀಳುತ್ತೆ. ವಾರಕ್ಕೆ ಎರಡು ಸಲ ಬೀಳುವ ಕನಸು. ಅದರಲ್ಲಿ ಒಂದೇ ಒಂದು ಗ್ಲಾಸು ವೈನ್ ಕುಡಿದು, ಬೆಳಿಗ್ಗೆ ಹಾಯಾಗಿ ಎದ್ದನಂತೆ. ಹಾಯಾಗಿ ಎದ್ದೆ ಅಂದಾಗಲೇ ಇದು ಕನಸು ಅಂತ ಗೊತ್ತಾಯಿತು ಅಂತಾನೆ. ಕುಡಿದವರ ಮನೆಯಲ್ಲಿ ಬೆಳೆದವರು ಈ ಸಾಲಿಗೆ ಸುಮ್ಮನಾಗಿಬಿಡ್ತಾರೆ. ಬರ್ತಾ ಬರ್ತಾ ಹಗುರ ಆಗುತ್ತೆ, ಆದರೆ ಪೂರ್ತಿ ಹಗುರ ಯಾವತ್ತೂ ಆಗಲ್ಲ ಅನ್ನೋದು ಆ ಹಾಡಿನ ಪಲ್ಲವಿ. ಚಿಕ್ಕಪ್ಪನಿಗೆ ಇದನ್ನು ಹೇಳಿದೆ. ‘ಕನಸಾ? ನಂಗೆ ವಾಸನೇನೇ ಬರುತ್ತೆ’ ಅಂದರು.

ಈ ಕಥೆಯ ಒಂದು ಭಾಗ ಹೇಳದೆ ಬಿಟ್ಟರೆ ನಿಮಗೆ ಮೋಸ ಮಾಡಿದ ಹಾಗೆ. ಯಾರಿಗಾಗಿ ಈ ಹಾಡು ಬರೆದರೋ ಆ ಅಮಾಂಡಾ ಜೊತೆಗಿನ ಮದುವೆ ಉಳಿಯಲಿಲ್ಲ. ಇಬ್ಬರೂ ಬೇರೆ ಆಗುತ್ತಿರುವ ವಿಷಯ 2024ರ ಫೆಬ್ರವರಿಯಲ್ಲಿ ಹೊರಗೆ ಬಂತು. ಮತ್ತೆ ಅದೇ ಫೆಬ್ರವರಿ. 2025ರಲ್ಲಿ ಇಸ್ಬೆಲ್ ಒಬ್ಬರೇ ಒಂದು ಗಿಟಾರ್ ಹಿಡಿದು ‘ಫಾಕ್ಸಸ್ ಇನ್ ದ ಸ್ನೋ’ ಅಂತ ಆಲ್ಬಮ್ ಮಾಡಿದರು. ಹಾಗಾದರೆ ‘ಕವರ್ ಮಿ ಅಪ್’ ಸುಳ್ಳಾಯಿತಾ ಅಂತ ಸ್ನೇಹಿತರೊಬ್ಬರು ನನ್ನನ್ನು ಕೇಳಿದರು. ನಾನು ಹಾಗೆ ನೋಡಲ್ಲ. ಆ ಚಳಿ ನಿಜ, ಹೊದಿಸಿದ್ದೂ ನಿಜ. ಬದುಕಿಸಿದ ಕಂಬಳಿ ಹರಿದುಹೋಯಿತು ಅಂದರೆ ಆ ರಾತ್ರಿ ಬೆಚ್ಚಗಿರಲಿಲ್ಲ ಅಂತ ಅರ್ಥ ಅಲ್ಲವಲ್ಲ.

ಇಷ್ಟು ಹೇಳಿ ನಾನು ಮುಗಿಸಿದ್ದೆ. ಪ್ರಶ್ನೆ ಇದ್ದರೆ ಕೇಳಿ ಅಂದೆ. ಹಿಂದಿನ ಸಾಲಿನಲ್ಲಿ, ಮಡಚಿದ ಕೊಡೆಯನ್ನು ತೊಡೆ ಮೇಲೆ ಇಟ್ಟುಕೊಂಡು ಕೂತಿದ್ದ ಒಬ್ಬ ಹೆಂಗಸು ಎದ್ದು ನಿಂತರು. ‘ಸಾರ್, ಇಷ್ಟು ಹೊತ್ತೂ ಅವನ ಮಾತೇ ಕೇಳಿದ್ವಿ. ಹೊದಿಸು ಅಂದ, ಅವಳು ಹೊದಿಸಿದಳು. ಅವಳಿಗೆ ಚಳಿ ಇರಲಿಲ್ವಾ?’ ಅಂದರು.

ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಚಿಕ್ಕಮ್ಮ ತಮ್ಮ ಮೈಮೇಲಿನ ಕಂಬಳಿಯನ್ನೇ ತೆಗೆದು ಹೊದಿಸಿದರು ಅಂತ ನಾನೇ ಹೇಳಿದ್ದೆ. ಆಮೇಲೆ ಅವರು ಏನು ಹೊದ್ದುಕೊಂಡರು ಅಂತ ನಾನು ನೋಡಿರಲಿಲ್ಲ. ಹನ್ನೊಂದು ವರ್ಷದಲ್ಲಿ ಒಂದು ದಿನವೂ ಕೇಳಿಲ್ಲ.

ಅಮಾಂಡಾ ಶೈರ್ಸ್ ಅವರೂ ಹಾಡು ಬರೀತಾರೆ, ಅವರ ಮಾತು ಅವರ ಹಾಡುಗಳಲ್ಲೇ ಇದೆ ಅಂತ ಹೇಳಿದೆ. 2022ರಲ್ಲಿ ಬಂದ ಅವರ ಆಲ್ಬಮ್ಮಿನಲ್ಲಿ ‘ಫಾಲ್ಟ್ ಲೈನ್ಸ್’ ಅಂತ ಒಂದು ಹಾಡಿದೆ. ಬಿರುಕು ಬಿಟ್ಟ ಮದುವೆಯ ಒಳಗೆ ನಿಂತುಕೊಂಡೇ ಬರೆದದ್ದು. ‘ಹಾಕಿ ಮತ್ತೆ’ ಅಂದರು ಆ ಹೆಂಗಸು, ಕೂರದೆ. ಟೈಮು ಆಗಿಹೋಗಿತ್ತು. ವಾಚನಾಲಯ ನೋಡಿಕೊಳ್ಳುವವರು ಬೀಗದ ಕೈ ಹಿಡಿದು ಬಾಗಿಲ ಹತ್ತಿರ ಬಂದು ನಿಂತಿದ್ದರು. ನಾನು ಅವರ ಮುಖ ನೋಡಿದೆ. ಅವರು ಒಂದು ಕುರ್ಚಿ ಎಳೆದುಕೊಂಡು ಕೂತರು. ಹಾಡು ಹಾಕಿದೆ.